ಟ್ಯಾಂಕರಣ್ಣನ ನಿವೇಶನಕ್ಕೆ ನೀರು ಬಂತು

ನಗರಸಭೆಯವರು ಊರಂಚಿನ ಜೌಗಿನ ಒಂದು ಮಗ್ಗುಲಿಗೆ ಮಣ್ಣು ಸುರಿದರು. ಅಲ್ಲಿ ಜೊಂಡು ಕೊಯ್ದು ಚಾಪೆ ಹೆಣೆದು ಬದುಕುತ್ತಿದ್ದ ಹೆಂಗಸರನ್ನು ಎಬ್ಬಿಸಿದರು. ತೊರೆಯಿಂದ ಬರುತ್ತಿದ್ದ ನೀರಿಗೆ ಕಬ್ಬಿಣದ ಗೇಟು ಹಾಕಿ ಚರಂಡಿಗೆ ತಿರುಗಿಸಿದರು. ಆಮೇಲೆ ಕಲ್ಲು ನೆಟ್ಟು ನಿವೇಶನ ಹಂಚಿದರು.

ಅದರಲ್ಲೊಂದು ನಿವೇಶನ, ಎಲ್ಲಕ್ಕಿಂತ ತಗ್ಗಿನಲ್ಲಿದ್ದದ್ದು, ನಗರಸಭೆಯ ನೀರಿನ ಟ್ಯಾಂಕರ್ ಓಡಿಸುವವನ ಪಾಲಿಗೆ ಬಂತು. ಊರೆಲ್ಲ ಅವನನ್ನು ಟ್ಯಾಂಕರಣ್ಣ ಎಂದೇ ಕರೆಯುತ್ತಿತ್ತು. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಅವನ ತಲೆದಿಂಬು ಒಲೆಯ ಪಕ್ಕದಲ್ಲಿತ್ತು. ಹಾಲುಕ್ಕಿದರೆ ಮೊದಲು ನೆನೆಯುತ್ತಿದ್ದದ್ದು ಅವನ ಕಿವಿ. ಅಂಥವನಿಗೆ ಸ್ವಂತ ಮನೆಯ ಆಸೆ ಎಷ್ಟಿರಬೇಕೆಂದು ಬಿಡಿಸಿ ಹೇಳಬೇಕಿಲ್ಲ. ಅವನ ಹೆಂಡತಿ ಪ್ರತಿ ಭಾನುವಾರ ನಿವೇಶನಕ್ಕೆ ಹೋಗಿ, ಕೋಲಿನಿಂದ ನೆಲದ ಮೇಲೆ ಮನೆ ಬರೆದು ಬರುತ್ತಿದ್ದಳು. ಬಾಗಿಲಿಲ್ಲದ ಆ ಮನೆಗೆ ಗಂಡ ಗೆರೆ ದಾಟಿ ಬಂದರೆ, "ಹಿಂದಕ್ಕೆ ಹೋಗಿ, ಬಾಗಿಲಿಂದ ಬನ್ನಿ" ಎಂದು ಗದರುತ್ತಿದ್ದಳು.

ಇದರಲ್ಲಿ ಒಂದೇ ತೊಡಕು ಅತ್ತೆ. ಜೌಗಿನಿಂದ ಎಬ್ಬಿಸಿದ ಚಾಪೆಯವರಲ್ಲಿ ಅವಳೂ ಒಬ್ಬಳು. ಕೆಲಸ ಹೋದ ಮೇಲೆ ಮಗಳ ಮನೆಗೆ ಬಂದಿದ್ದಳು. ಕೈಗೆ ಕೆಲಸವಿಲ್ಲದ್ದರಿಂದ ಬಾಯಿಗೆ ಬಿಡುವಿರಲಿಲ್ಲ.

"ಅಳಿಯಂದ್ರು ನನ್ನ ಜೊಂಡಿನ ಮೇಲೆ ಮನೆ ಕಟ್ತಾರಂತೆ. ಕಟ್ಟಲಿ. ಹೊಸಿಲು ತೇಲಿಹೋಗದ ಹಾಗೆ ಮೊದಲು ಹಗ್ಗ ಬಿಗಿಯೋದು ಕಲೀಲಿ" ಎಂದು ಗೋಡೆಯತ್ತ ನೋಡಿಕೊಂಡು ಹೇಳುತ್ತಿದ್ದಳು. ಟ್ಯಾಂಕರಣ್ಣ ಕೇಳಿಸದವನಂತೆ ಲಾರಿಯ ಕೀಲಿ ತೆಗೆದುಕೊಂಡು ಹೊರಬೀಳುತ್ತಿದ್ದ.

ಒಂದು ದಿನ ಬೆಳಿಗ್ಗೆ ಅವನು ಇನ್ನೂ ಕೀಲಿ ತಿರುಗಿಸಿರಲಿಲ್ಲ, ನಗರಸಭೆಯ ಅಧ್ಯಕ್ಷರಿಂದ ಕರೆ ಬಂತು. ಅಧ್ಯಕ್ಷರು ಕೋಣೆಯಲ್ಲಿ ಬೋನಿಗೆ ಬಿದ್ದ ಇಲಿಯಂತೆ ಅತ್ತಿಂದಿತ್ತ ಓಡಾಡುತ್ತಿದ್ದರು.

"ಇವತ್ತು ಸಂಜೆ ಹೊರದೇಶದಿಂದ ಒಬ್ಬ ತಜ್ಞೆ ಬರ್ತಾರೆ" ಎಂದರು. "ಪ್ರಪಂಚದ ದೇಶಗಳೆಲ್ಲ ಸೇರಿ, ಮುಖ್ಯವಾದ ಜೌಗುಗಳನ್ನ ಉಳಿಸಬೇಕು ಅಂತ ಒಪ್ಪಂದ ಮಾಡ್ಕೊಂಡಿದಾವಂತೆ. ನಮ್ಮ ಜೌಗನ್ನ ಅದಕ್ಕೆ ಸೇರಿಸ್ಕೊಳ್ಳಿ ಅಂತ ಹಿಂದಿನವರು ಯಾವ ಕಾಲದಲ್ಲೋ ಕೇಳಿದ್ರಂತೆ. ಪುಣ್ಯಾತ್ಮರು ಈಗ ಬರ್ತಿದಾರೆ."

"ಬರಲಿ ಬಿಡಿ, ಉಳಿದಿರೋ ಜೌಗು ತೋರಿಸಿದ್ರಾಯ್ತು."

"ಉಳಿದಿರೋದು ಸಾಲದು. ಆಕೆ ಹಳೇ ನಕ್ಷೆ ಇಟ್ಕೊಂಡೇ ಬರ್ತಾಳೆ. ಸೇರಿಸ್ಕೊಂಡ್ರೆ ಗೌರವದ ಫಲಕ ತಗೊಳ್ಳೋಕೆ ನಾನೇ ವಿಮಾನ ಹತ್ತಬೇಕು. ದರ್ಜಿ ಹತ್ರ ಕೋಟಿಗೆ ಅಳತೆ ಕೊಟ್ಟಾಯ್ತು."

"ಆದ್ರೆ ಜೌಗಿನ ಮೇಲೆ ಈಗ ಸೈಟಿದೆಯಲ್ಲ, ಸಾರ್."

"ಅದಕ್ಕೇ ನಿನ್ನ ಕರೆಸಿದ್ದು. ಒಂದು ದಿನದ ಮಟ್ಟಿಗೆ ಸೈಟನ್ನ ಜೌಗು ಮಾಡು. ಕಲ್ಲು ಕಿತ್ತು ಬಚ್ಚಿಡು, ನೀರು ಹೊಡಿ, ನಾಲ್ಕು ಹಕ್ಕಿ ಬಿಡು. ಆಕೆ ಅತ್ತ ಹೋದ ಮೇಲೆ ನೀರು ಎಳೆದು ಮತ್ತೆ ಸೈಟು ಮಾಡೋಣ."

"ಹಕ್ಕಿ ಎಲ್ಲಿಂದ ತರಲಿ ಸಾರ್?"

"ಅದನ್ನೂ ನಾನೇ ಹೇಳಬೇಕಾ? ನೋಡು, ಈ ಕೆಲಸ ಕೆಟ್ರೆ ಮೊದಲು ರದ್ದಾಗೋದು ನಿನ್ನ ಸೈಟು."

ಜೌಗನ್ನು ಕೊಲ್ಲುವಾಗ ಇವರಿಗೆ ಒಂದು ಇಲಾಖೆಯೇ ಬೇಕಾಗಿತ್ತು, ಲಾರಿಗಳ ಸಾಲೇ ಬೇಕಾಗಿತ್ತು. ಅದಕ್ಕೆ ಜೀವ ಬರಿಸುವಾಗ ಒಬ್ಬ ಡ್ರೈವರು ಸಾಕೆಂದು ಕಂಡಿತು.

ಟ್ಯಾಂಕರಣ್ಣ ಕಲ್ಲು ಕಿತ್ತ. ನೀರು ತಂದು ಸುರಿದ. ಮಣ್ಣು ಅದನ್ನು ಕುಡಿದು, ಬಾಯಿ ಒರೆಸಿಕೊಂಡು, ಇನ್ನೇನಿದೆ ಎಂಬಂತೆ ಅವನನ್ನೇ ನೋಡಿತು. ಮತ್ತೆ ತಂದ, ಮತ್ತೆ ಸುರಿದ. ನೆಲ ಬೆವರಿದಷ್ಟು ಕೂಡ ಒದ್ದೆಯಾಗಲಿಲ್ಲ, ಅವನಂತೂ ಬೆವರಿನಲ್ಲಿ ತೊಯ್ದು ತೊಪ್ಪೆಯಾದ. ಸೊಂಟ ಹಿಡಿದುಕೊಂಡಾಗ ತಲೆಗೆ ಹೊಳೆಯಿತು: ತೊರೆಯ ಗೇಟನ್ನು ಒಂದು ಗಳಿಗೆ ಎತ್ತಿ ಮತ್ತೆ ಇಳಿಸಿದರೆ ಆಯಿತಲ್ಲ.

ಗೇಟು ತುಕ್ಕು ಹಿಡಿದಿತ್ತು. ಎತ್ತಿದರೆ ಏಳಲಿಲ್ಲ, ಬೈದರೆ ಬಗ್ಗಲಿಲ್ಲ. ಅವನು ಸರಪಳಿ ಬಿಗಿದು ಇನ್ನೊಂದು ತುದಿಯನ್ನು ಟ್ಯಾಂಕರಿಗೆ ಕಟ್ಟಿ ಗೇರು ಹಾಕಿದ. ಢಣ್ ಎಂದಿತು. ಗೇಟು ತೆರೆಯಲಿಲ್ಲ, ಚೌಕಟ್ಟಿನ ಸಮೇತ ಕಿತ್ತುಕೊಂಡು ಬಂತು. ನಾಯಿಯ ಬಾಲಕ್ಕೆ ಕಟ್ಟಿದ ಡಬ್ಬದ ಹಾಗೆ ರಸ್ತೆಯುದ್ದಕ್ಕೂ ಸದ್ದು ಮಾಡುತ್ತ ಅವನ ಹಿಂದೆಯೇ ಬಂತು. ಅವನು ಬ್ರೇಕು ಹಾಕಿ ತಿರುಗಿ ನೋಡುವಷ್ಟರಲ್ಲಿ ತೊರೆಯ ನೀರು, ಬಹಳ ದಿನದ ಮೇಲೆ ತವರಿಗೆ ಹೊರಟ ಹೆಣ್ಣುಮಗಳಂತೆ, ಯಾರನ್ನೂ ಕೇಳದೆ ನಿವೇಶನಗಳತ್ತ ನಡೆದಿತ್ತು.

ಸುದ್ದಿ ನೀರಿಗಿಂತ ಬೇಗ ಹರಿಯಿತು. ನಿವೇಶನದಾರರೆಲ್ಲ ಗುದ್ದಲಿ, ಸಲಿಕೆ, ಮಂಕರಿ ಹಿಡಿದು ಓಡಿ ಬಂದರು. ಎಲ್ಲರಿಗಿಂತ ಮುಂದೆ ದರ್ಜಿ, ಕೊರಳಲ್ಲಿ ಅಳತೆಯ ಟೇಪು. ಅವನ ಪಕ್ಕದ ನಿವೇಶನ ನಿವೃತ್ತ ಮೇಷ್ಟ್ರದು.

"ಮೇಷ್ಟ್ರೇ, ನಿಮ್ಮ ನೀರು ನನ್ನ ಸೈಟಿಗೆ ಬರ್ತಿದೆ."

"ನನ್ನದು ಹ್ಯಾಗಯ್ಯ ಆಯ್ತು? ಅದು ನಗರಸಭೆ ನೀರು."

"ನಿಮ್ಮ ಸೈಟು ದಾಟಿ ಬಂತಲ್ಲ, ಅಷ್ಟಕ್ಕೇ ಹೇಳಿದೆ. ದಯವಿಟ್ಟು ಹಿಂದಕ್ಕೆ ಕರೀರಿ."

ಮೇಷ್ಟ್ರು ದರ್ಜಿಯ ಕಡೆಗೆ ದಾರಿ ಬಿಟ್ಟು, ಉಳಿದ ಮೂರು ಕಡೆ ಬದು ಹಾಕಿಕೊಂಡರು. ದರ್ಜಿ ಹಟಕ್ಕೆ ಬಿದ್ದು ಇನ್ನೊಂದು ಗೇಣು ಎತ್ತರದ ಬದು ಹಾಕಿದ. ಅವನನ್ನು ನೋಡಿ ಅವನ ಆಚೆಯವರು, ಅವರನ್ನು ನೋಡಿ ಅವರ ಈಚೆಯವರು. ಊರಿನ ಕೆಲಸಕ್ಕೆಂದು ಕರೆದಾಗ ಸೊಂಟ ನೋವೆಂದು ಮಲಗುತ್ತಿದ್ದವರೆಲ್ಲ ಅಂದು ಆನೆಬಲದಿಂದ ಅಗೆದರು. ತಂತಮ್ಮ ಮನೆಯಂಗಳ ಒಣಗಿಸಿಕೊಳ್ಳಲು ಹೊರಟ ಜನ, ತಮಗೇ ಗೊತ್ತಿಲ್ಲದೆ ಸೊಗಸಾದ ಕೆರೆಯೇರಿ ಕಟ್ಟುತ್ತಿದ್ದರು. ಹರಿದು ಹೋಗಬೇಕಾಗಿದ್ದ ನೀರು ಎಲ್ಲಿಗೂ ಹೋಗಲಾರದೆ ನಿಂತಿತು. ಮಣ್ಣು ಸುರಿದ ಗುತ್ತಿಗೆದಾರ ಬಿಲ್ಲಿನಲ್ಲಿ ಹೆಚ್ಚು, ನೆಲಕ್ಕೆ ಕಡಿಮೆ ಸುರಿದಿದ್ದರಿಂದ ನೀರಿಗೆ ನಿಲ್ಲಲು ಜಾಗವೂ ಧಾರಾಳವಾಗಿತ್ತು.

ಬದು ಇಲ್ಲದೆ ಉಳಿದದ್ದು ಒಂದೇ ನಿವೇಶನ, ಟ್ಯಾಂಕರಣ್ಣನದು. ಅವನಿಗೆ ಹಕ್ಕಿಯ ಚಿಂತೆ.

"ನಿನ್ನ ಬಾತುಕೋಳಿ ಒಂದು ಸಂಜೆ ಮಟ್ಟಿಗೆ ಕೊಡಣ್ಣ" ಎಂದು ದರ್ಜಿಯನ್ನು ಕೇಳಿದ.

"ಕೊಡೋಣ. ಮೊದಲು ನನ್ನ ಬದು ತುಳಿದು ಗಟ್ಟಿ ಮಾಡಿಕೊಡು. ಟ್ಯಾಂಕರ್ ತುಳಿದು ತುಳಿದು ನಿನ್ನ ಕಾಲು ಗಟ್ಟಿ ಇದೆ."

ಟ್ಯಾಂಕರಣ್ಣ ತುಳಿದ. ದರ್ಜಿಯ ಬದು ಗಟ್ಟಿಯಾದಂತೆಲ್ಲ ಆ ಕಡೆಯ ನೀರು ಇವನ ನಿವೇಶನಕ್ಕೆ ತಿರುಗಿತು. ಅಲ್ಲಿ ನಿಂತಿದ್ದ ಹೆಂಡತಿ ಆಸ್ಪತ್ರೆಯಿಂದ ಸುದ್ದಿ ಹೇಳುವವಳಂತೆ ಕೂಗಿ ಹೇಳುತ್ತಿದ್ದಳು:

"ಜಗಲಿ ಹೋಯ್ತು. ನಡುಮನೆಗೆ ಬಂತು. ರೀ, ಅಡುಗೆ ಮನೆ ಕಿಟಕಿ ಹತ್ರ ಬಂತು. ನೀವು ಯಾರ ಬದು ತುಳೀತಿದೀರಿ?"

"ಕೆಲಸ ಕೆಟ್ರೆ ಸೈಟು ಹೋಗತ್ತೆ ಕಣೆ."

"ಈಗ ಎಲ್ಲಿದೆ ತೋರಿಸಿ."

ಬಾತುಕೋಳಿಗಳು ಬಂದವು. ಹೊಲಿಗೆ ಯಂತ್ರದ ಕೆಳಗೆ ಬೆಳೆದ ಜೀವಗಳವು; ನೀರನ್ನು ಒಮ್ಮೆ ನೋಡಿ, ಇದು ತಮ್ಮಂಥವರಿಗಲ್ಲವೆಂದು ತೀರ್ಮಾನಿಸಿ, ಟ್ಯಾಂಕರಿನ ನೆರಳಿನಲ್ಲಿ ಸಾಲಾಗಿ ಕೂತವು. ಟ್ಯಾಂಕರಣ್ಣ ಒಂದನ್ನು ಎತ್ತಿ ನೀರಿಗೆ ಬಿಟ್ಟ. ಅದು ಅವನ ಹೆಬ್ಬೆರಳು ಕಚ್ಚಿ ವಾಪಸು ಬಂತು. ಅಷ್ಟರಲ್ಲಿ ಅಧ್ಯಕ್ಷರ ಕಾರು ದೂಳೆಬ್ಬಿಸಿಕೊಂಡು ಬಂತು. ಅದರ ಹಿಂದೆ ಪತ್ರಕರ್ತರು, ಅವರ ಹಿಂದೆ ತಜ್ಞೆ. ಟ್ಯಾಂಕರಣ್ಣ ಕಚ್ಚಿಸಿಕೊಂಡ ಬೆರಳನ್ನು ಬಾಯಿಗಿಟ್ಟುಕೊಂಡ. ತನ್ನ ಮನೆ ಮುಳುಗಿದೆ, ಹಕ್ಕಿಗಳು ಮುಷ್ಕರ ಹೂಡಿವೆ. ಇನ್ನು ಎಳ್ಳುನೀರು ಬಿಡುವುದೊಂದೇ ಬಾಕಿ ಎಂದುಕೊಂಡ.

ಆಗ ಬಂದವು ಬೆಳ್ಳಕ್ಕಿಗಳು. ಯಾರೂ ಕರೆಸಿರಲಿಲ್ಲ. ಮಣ್ಣು ನೆನೆದು ಹುಳುಗಳು ಮೇಲೆ ಬಂದದ್ದು ಅವಕ್ಕೆ ಹೇಗೆ ತಿಳಿಯಿತೋ. ಮೊದಲು ಒಂದೆರಡು ಬಂದು ಇಳಿದವು, ನೋಡನೋಡುತ್ತ ನೀರಿನಂಚೆಲ್ಲ ಬಿಳಿಯಾಯಿತು. ಅವುಗಳ ಹಿಂದೆಯೇ, ಅವೂ ಇವರೂ ಮಾತಾಡಿಕೊಂಡೇ ಬಂದಂತೆ, ಚಾಪೆಯ ಹೆಂಗಸರು ಬಂದರು. ಸೀರೆ ಎತ್ತಿ ಕಟ್ಟಿಕೊಂಡು ಅತ್ತೆ ಮೊದಲು ನೀರಿಗಿಳಿದಳು.

ತಜ್ಞೆ ರಬ್ಬರು ಬೂಟು ಹಾಕಿಕೊಂಡು ತಾನೂ ಇಳಿದಳು. ಅವಳ ಮಾತನ್ನು ಜೊತೆಗಿದ್ದ ದುಭಾಷಿ ಹುಡುಗಿ ಕನ್ನಡಕ್ಕೆ ತರುತ್ತಿದ್ದಳು.

"ಈ ಬದುಗಳನ್ನು ಕಟ್ಟಿದವರು ಯಾರು ಅಂತ ಕೇಳ್ತಿದಾರೆ."

"ನಮ್ಮ ಜನವೇ" ಎಂದರು ಅಧ್ಯಕ್ಷರು ಎದೆ ಉಬ್ಬಿಸಿ. "ಸ್ವಂತ ಇಚ್ಛೆಯಿಂದ."

ಇಡೀ ದಿನದಲ್ಲಿ ಅವರು ಆಡಿದ ನಿಜ ಅದೊಂದೇ.

"ನೀರು ಹಿಡಿಯೋಕೆ ಊರಿನವರೇ ಗುದ್ದಲಿ ಹಿಡಿದು ನಿಂತದ್ದನ್ನು ಎಲ್ಲೂ ನೋಡಿಲ್ಲ ಅಂತಿದಾರೆ." ದುಭಾಷಿ ತಜ್ಞೆಯತ್ತ ತಿರುಗಿದಳು. ತಜ್ಞೆ ಬಗ್ಗಿ ಕೆಸರು ತೆಗೆದು ಬೆರಳಲ್ಲಿ ಉಜ್ಜಿ ನೋಡುತ್ತಿದ್ದಳು. "ಆದರೆ ಇದು ಹೊರಗಿಂದ ತಂದ ಮಣ್ಣಿನ ಹಾಗಿದೆಯಂತೆ. ಇಲ್ಲಿ ನಿವೇಶನ ಏನಾದರೂ ಮಾಡಿದೀರಾ ಅಂತ ಕೇಳ್ತಿದಾರೆ. ಮಾಡಿದ್ದರೆ ಶಿಫಾರಸು ಸಾಧ್ಯವಿಲ್ಲವಂತೆ."

ಕ್ಯಾಮೆರಾಗಳು ಅಧ್ಯಕ್ಷರತ್ತ ತಿರುಗಿದವು. ಅಧ್ಯಕ್ಷರ ಕಣ್ಣ ಮುಂದೆ ವಿಮಾನವೊಂದು ಹಾರಿಹೋಗತೊಡಗಿತು. ಅವರು ಕೈ ಚಾಚಿ ಅದರ ರೆಕ್ಕೆ ಹಿಡಿದರು.

"ನಿವೇಶನವೇ? ಇಲ್ಲಿ ಒಂದೇ ಒಂದು ನಿವೇಶನ ಹಂಚಿದ್ದು ತೋರಿಸಿದರೆ ನಾನು ಈ ಪದವಿಯಲ್ಲಿ ಇರುವುದಿಲ್ಲ. ಇದು ಜೌಗು. ನಮ್ಮ ಹಿರಿಯರ ಕಾಲದಿಂದ ಜೌಗು. ನಾವೆಲ್ಲ ಸತ್ತ ಮೇಲೂ ಜೌಗು. ಬರೆದುಕೊಳ್ಳಿ."

ಪತ್ರಕರ್ತರು ಬರೆದುಕೊಂಡರು. ದರ್ಜಿಯ ಕೈಯಿಂದ ಸಲಿಕೆ ಜಾರಿತು. ಮೇಷ್ಟ್ರು ಬಾಯಿ ತೆರೆದರು. ಆದರೆ ತಜ್ಞೆ ಅಷ್ಟರಲ್ಲಿ ಬಂದು ಅವರ ಕೆಸರುಗೈಯನ್ನು ಎರಡೂ ಕೈಗಳಿಂದ ಹಿಡಿದು ಕುಲುಕಿದಳು. ಇಂಥ ತ್ಯಾಗಿಗಳು ಇರುವ ತನಕ ಭೂಮಿಗೆ ಭಯವಿಲ್ಲ ಎಂದಳಂತೆ. ತೆರೆದ ಬಾಯಲ್ಲಿ ಮೇಷ್ಟ್ರು ನಕ್ಕರು. ಎಲ್ಲಕ್ಕಿಂತ ಆಳವಾದ ಭಾಗ, ಯಾರೂ ಬದು ಹಾಕದ ಆ ತಗ್ಗು, ಇಡೀ ಜೌಗಿನ ಎದೆಯಿದ್ದಂತೆ; ಅಲ್ಲಿ ಒಂದು ಇಟ್ಟಿಗೆಯೂ ಬೀಳಕೂಡದು ಎಂದು ಬರೆಯುವುದಾಗಿ ಹೇಳಿ ಹೊರಟುಹೋದಳು. ಪತ್ರಕರ್ತರೂ ಹೋದರು.

ಕಾರುಗಳು ಮರೆಯಾದದ್ದೇ ತಡ, ಅಧ್ಯಕ್ಷರು ಅಂಗೈ ಉಜ್ಜಿಕೊಂಡರು. "ಗೆದ್ವಿ. ಸರಿ, ಬದು ಒಡೀರಿ, ನೀರು ಬಿಡೋಣ. ಆಕೆ ಮತ್ತೆ ಬಂದಾಗ ಮತ್ತೆ ಒದ್ದೆ ಮಾಡಿದ್ರಾಯ್ತು."

ಯಾರೂ ಕದಲಲಿಲ್ಲ.

"ಮೇಷ್ಟ್ರು ಮೊದಲು ಒಡೀಲಿ" ಎಂದ ದರ್ಜಿ.

"ನಾನು ಒಡೆದ್ರೆ ಮೇಲಿನವರ ನೀರೆಲ್ಲ ನನ್ನ ಸೈಟಿಗೆ ಬರತ್ತೆ. ಮೇಲಿನವರು ಒಡೀಲಿ."

"ಕೆಳಗಿನವರು ದಾರಿ ಬಿಡದೆ ನಾವು ಹ್ಯಾಗೆ ಒಡೆಯೋದು?" ಎಂದರು ಮೇಲಿನವರು.

ಎಲ್ಲರೂ ತಮ್ಮ ತಮ್ಮ ಬದುವಿನ ಮೇಲೆ ಹತ್ತಿ ಕಾವಲು ನಿಂತರು. ಅಧ್ಯಕ್ಷರು ಬೇಡಿಕೊಂಡರು, ಗದರಿದರು. ಒಂದು ಹಿಡಿ ಮಣ್ಣು ಕೂಡ ಕದಲಲಿಲ್ಲ. ಕೊನೆಗೆ ಟ್ಯಾಂಕರಣ್ಣನತ್ತ ತಿರುಗಿದರು.

"ನೀನು ಶುರು ಮಾಡು. ನಿನ್ನ ಸೈಟಿಗೆ ಪೈಪು ಇಳಿಸಿ ಮೋಟಾರು ಹಾಕು. ಎಲ್ಲಾದ್ರೂ ದೂರ ಸುರಿದು ಬಾ. ಮೊದಲು ಆ ಹೆಂಗಸರನ್ನ ಎಬ್ಬಿಸು."

ಟ್ಯಾಂಕರಣ್ಣ ಆ ಕಡೆ ನೋಡಿದ. ಅವನ ಅಡುಗೆ ಮನೆಯಲ್ಲಿ ಮೊಣಕಾಲುದ್ದ ನೀರಿತ್ತು. ಅದರಲ್ಲಿ ಹೆಂಡತಿ ನಿಂತಿದ್ದಳು, ಪಕ್ಕದಲ್ಲಿ ಅತ್ತೆ. ಅತ್ತೆ ಕಾಲ್ಬೆರಳಿನಿಂದ ಕೆಸರು ತಡಕಿ, ಬಗ್ಗಿ, ಜೊಂಡಿನ ಕಪ್ಪಗಿನ ಬೇರು ಕಿತ್ತು ಮುರಿದಳು. ಒಳಗೆ ಬೆಳ್ಳಗಿತ್ತು.

"ಸತ್ತಿಲ್ಲ ಕಣೆ" ಎಂದಳು ಮಗಳಿಗೆ. "ಇಷ್ಟು ಮಣ್ಣು ಹೊತ್ಕೊಂಡೂ ಸತ್ತಿಲ್ಲ ನೋಡು ಮುಂಡೇದು."

ಹೆಂಡತಿ ಅದನ್ನು ಇಸಿದುಕೊಂಡು ಮೂಸಿ ನೋಡಿದಳು. ಆಮೇಲೆ ತಲೆ ಹಿಂದಕ್ಕೆ ಎತ್ತಿ ನಕ್ಕಳು. ಬೆಳ್ಳಕ್ಕಿಗಳು ಬೆದರಿ ಎದ್ದು ಮತ್ತೆ ಅಲ್ಲೇ ಇಳಿದವು. ಒಲೆಯ ಪಕ್ಕ ತಲೆ ಇಟ್ಟು ಮಲಗಿದ ಇಷ್ಟು ವರ್ಷಗಳಲ್ಲಿ ಆ ಕೋಣೆಯೊಳಗೆ ಅಂಥ ನಗುವನ್ನು ಟ್ಯಾಂಕರಣ್ಣ ಕೇಳಿರಲಿಲ್ಲ. ಆ ಕೋಣೆಯಲ್ಲಿ ಅದಕ್ಕೆ ಜಾಗವೂ ಇರಲಿಲ್ಲ.

"ಏನು ನೋಡ್ತೀಯ? ಸೈಟಿನ ನೀರು ಎಳಿ ಅಂದೆ."

"ಯಾವ ಸೈಟು ಸಾರ್?"

"ನಿನ್ನದು."

"ಇಲ್ಲಿ ಸೈಟೇ ಇಲ್ಲ ಅಂದ್ರಲ್ಲ. ನಾವು ಸತ್ತ ಮೇಲೂ ಇಲ್ಲ ಅಂದ್ರಿ. ಊರಿಗೆ ಊರೇ ಕೇಳಿಸ್ಕೊಂಡಿದೆ."

ಬದುಗಳ ಮೇಲೆ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷರು ಹತ್ತಿರ ಬಂದು ದನಿ ತಗ್ಗಿಸಿದರು.

"ಹುಚ್ಚಾಟ ಆಡಬೇಡ. ಈಗ ಎಳೆದ್ರೆ ಸೈಟು ಉಳಿಯತ್ತೆ. ಇಲ್ಲದಿದ್ರೆ ಸಾಯೋವರೆಗೂ ಬಾಡಿಗೆ ಮನೆ. ನಿನಗೆ ಸ್ವಂತ ಮನೆ ಬೇಡ್ವಾ?"

"ಬೇಕು."

"ಮತ್ತೆ? ಮೋಟಾರು ಹಾಕು."

ಟ್ಯಾಂಕರಣ್ಣ ಚಪ್ಪಲಿ ಬಿಚ್ಚಿ ಟ್ಯಾಂಕರಿನ ಕೆಳಗೆ, ಬಾತುಕೋಳಿಗಳ ಪಕ್ಕದಲ್ಲಿ ಇಟ್ಟ. ಪ್ಯಾಂಟು ಮಡಿಚಿಕೊಂಡ.

"ಹಾಕಲ್ಲ" ಎಂದು ನೀರಿಗಿಳಿದ.