ಯಜಮಾನ ಪೆಟ್ಟಿಗೆಯ ಖಾಯಂ ವಿಳಾಸ

ಮಾವ: ಕೆಟ್ಟಿದ್ದು ನಿನ್ನ ನೆಟ್‌ವರ್ಕು, ವಿಚಾರಣೆ ನಂದು! ಇದೊಳ್ಳೆ ನ್ಯಾಯ ಕಣಯ್ಯ.

ಅಳಿಯ: ವಿಚಾರಣೆ ಅಲ್ಲ ಮಾವ. ಬೆಳಿಗ್ಗೆಯಿಂದ ಏನೇನು ಮುಟ್ಟಿದ್ರಿ, ಅಷ್ಟು ಹೇಳಿ.

ಮಾವ: ಏನೂ ಮುಟ್ಟಿಲ್ಲ!

ಮಾವ ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವವರು. ಸೋದರಳಿಯ ಅಲ್ಲೇ ನೆಟ್‌ವರ್ಕಿನ ಹಂಗಾಮಿ ನೌಕರ. ಅವನನ್ನು ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ಸೂಪರಿಂಟೆಂಡೆಂಟರು ಇವತ್ತೇ ತೀರ್ಮಾನಿಸುವವರಿದ್ದರು. ಇವತ್ತೇ ಕೆಳಗಿನ ಚೀಟಿ ಕೌಂಟರಿನ ಕಂಪ್ಯೂಟರು ಒಂದು ಗಳಿಗೆ ನಡೆದು ಒಂದು ಗಳಿಗೆ ನಿಲ್ಲುತ್ತಿತ್ತು. ರೋಗಿಗಳ ಸಾಲು ಬಾಗಿಲು ದಾಟಿತ್ತು. ಅಳಿಯ ಜೀವ ಕೈಯಲ್ಲಿ ಹಿಡಿದುಕೊಂಡು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ ಪೆಟ್ಟಿಗೆಗಳ ಮುಂದೆ ನಿಂತಿದ್ದ.

ಮಾವ: ಮೊನ್ನೆ ಒಳಗಿನ ಫ್ಯಾನ್ ಕೆಟ್ಟಿದೆ ಅಂತ ಇದರಲ್ಲೊಂದು ಪೆಟ್ಟಿಗೆ ಕಿತ್ತು ರಿಪೇರಿಗೆ ಕೊಟ್ಯಲ್ಲ, ಅದರ ಶಾಪ ಇರ್ಬೇಕು.

ಅಳಿಯ: ಮೂರು ಸ್ವಿಚ್ ಒಟ್ಟಿಗೆ ಜೋಡಿಸಿದ್ದೆ, ಅದು ಅವುಗಳ ಯಜಮಾನ. ಅದು ಹೋದ್ಮೇಲೆ ಎರಡನೇದು ಯಜಮಾನಿಕೆ ವಹಿಸ್ಕೊಂಡು ಹಳೇ ಯಜಮಾನನ ವಿಳಾಸದಲ್ಲೇ ನಡೆಸ್ತಿದೆ. ವಿಳಾಸ ಬದಲಾದ್ರೆ ಎಲ್ಲ ಕಂಪ್ಯೂಟರೂ ತಬ್ಬಿಬ್ಬಾಗ್ತವೆ ಅಂತ ನಾನೇ ಹಾಗೆ ಮಾಡಿಟ್ಟಿದ್ದೆ.

ಮಾವ: ಆ ವಿಳಾಸ ಎಷ್ಟು ದಿನಕ್ಕೆ?

ಅಳಿಯ: ನಾಲ್ಕು ನಿಮಿಷ ಆದ್ಮೇಲೆ ಹೊಸಬನ ಸ್ವಂತ ವಿಳಾಸ ಬರೋ ಹಾಗೂ ಇಡಬಹುದಿತ್ತು. ನಾನು... ಖಾಯಂ ಅಂತ ಇಟ್ಟೆ.

ಮಾವ: ನೀನೇ ಹಂಗಾಮಿ! ಇನ್ನೊಬ್ಬರನ್ನ ಖಾಯಂ ಮಾಡೋಕೆ ನೀನ್ಯಾರಯ್ಯ?

ಮಾತು ಸರಿಯಾದ ಜಾಗಕ್ಕೇ ಚುಚ್ಚಿತು. ಅಳಿಯ ಮಾತು ಬದಲಿಸಿದ.

ಅಳಿಯ: ಆ ಪೆಟ್ಟಿಗೆ ರಿಪೇರಿಯಿಂದ ಬಂತಾ?

ಮಾವ: ಬೆಳಿಗ್ಗೆನೇ ಬಂತು.

ಅಳಿಯ: ಎಲ್ಲಿಟ್ರಿ?

ಮಾವ: ಸುಮ್ನೆ ಕೂರಿಸೋಕೆ ಅದೇನು ಮನೆ ಅಳಿಯನಾ? ಎಕ್ಸ್‌ರೇ ಕೋಣೆಯವರು ಸ್ವಿಚ್ ಕೊಡಿ ಅಂತ ಪ್ರಾಣ ತಿಂತಿದ್ರು. ಗೋಡೆಯ ನೆಟ್‌ವರ್ಕ್ ಸಾಕೆಟ್ಟಿನಿಂದ ಒಂದು ಕೇಬಲ್ ಎಳೆದು ಅದಕ್ಕೆ ಚುಚ್ಚಿ ಬಂದೆ.

ಅಳಿಯ: ಏನೂ ಮುಟ್ಟಿಲ್ಲ ಅಂದ್ರಿ!

ಮಾವ: ಈ ಕೋಣೆಯಲ್ಲಿ ಮುಟ್ಟಿಲ್ಲ ಅಂದೆ.

ಅಳಿಯ: ಅಯ್ಯೋ ಮಾವ! ಇಲ್ಲಿ ಅವನ ವಿಳಾಸ ಹಾಕ್ಕೊಂಡು ಇನ್ನೊಬ್ಬ ಸಂಸಾರ ನಡೆಸ್ತಿದಾನೆ, ನೀವು ಅಸಲಿ ಯಜಮಾನನನ್ನೇ ತಂದು ಪಕ್ಕದ ಕೋಣೆಯಲ್ಲಿ ಕೂರಿಸಿದೀರಿ! ಟಪಾಲು ಯಾರ ಮನೆಗೆ ಹೋಗ್ಬೇಕು?

ಮಾವ: ಹಂಗಾದ್ರೆ ಮೊದಲು ಓಡು, ಆಮೇಲೆ ಬೈ.

ಇಬ್ಬರೂ ಎಕ್ಸ್‌ರೇ ಕೋಣೆಗೆ ಓಡಿದರು. ಅಳಿಯ ಕೇಬಲ್ ಕಿತ್ತ. ತುಸು ಹೊತ್ತಿಗೇ ಕೆಳಗೆ ಚೀಟಿ ಯಂತ್ರ ಪಟಪಟ ಎನ್ನತೊಡಗಿತು. ಅಷ್ಟರಲ್ಲಿ ಮಾವನ ಫೋನು. ಸೂಪರಿಂಟೆಂಡೆಂಟರ ದನಿ ಪಕ್ಕದವರಿಗೂ ಕೇಳುವಷ್ಟು ಗಟ್ಟಿ.

ಸೂಪರಿಂಟೆಂಡೆಂಟ್: ಯಾರ್ರೀ ಸರಿಮಾಡಿದ್ದು?

ಮಾವ (ಎದೆಯುಬ್ಬಿಸಿ): ನಾನೇ ಸಾರ್!

ಅಳಿಯ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡ.

ಸೂಪರಿಂಟೆಂಡೆಂಟ್: ಭೇಷ್! ಹಾಗಿದ್ರೆ ಅವನ್ಯಾಕ್ರೀ ಬೇಕು? ನಾಳೆಯಿಂದ ಆ ಕೆಲಸಾನೂ ನೀವೇ ನೋಡ್ಕೊಳ್ಳಿ. ಭಾನುವಾರ ಕರೆದ್ರೂ ಬರ್ಬೇಕು.

ಮಾವ: ಭಾನುವಾರಾನಾ? ಸಾರ್, ಸಾರ್... ಸರಿಮಾಡಿದ್ದು ಅವನೇ ಸಾರ್. ನಾನು ಬಾಗಿಲು ತೆಗೆದೆ ಅಷ್ಟೇ. ಅವನಿಲ್ದೆ ಆಸ್ಪತ್ರೆ ಒಂದು ದಿನ ನಡೆಯಲ್ಲ, ಖಾಯಂ ಮಾಡ್ಬಿಡಿ!

ಸೂಪರಿಂಟೆಂಡೆಂಟ್: ಸರಿ. ಸಂಜೆ ಆದೇಶ ಕಳಿಸ್ತೀನಿ.

ಅಳಿಯನಿಗೆ ಕಣ್ಣು ತುಂಬಿ ಬಂತು. ಆ ಖುಷಿಯಲ್ಲೇ ಒಂದು ಕಾಗದ ತೆಗೆದು 'ಈ ಪೆಟ್ಟಿಗೆಯ ವಿಳಾಸ ಬಳಕೆಯಲ್ಲಿದೆ, ಬೇರೆಲ್ಲೂ ಜೋಡಿಸಬೇಡಿ' ಎಂದು ಬರೆದು ಪೆಟ್ಟಿಗೆಗೆ ಅಂಟಿಸಲು ಹೋದ. ಮಾವ ಗಬಕ್ಕನೆ ಕೈ ಹಿಡಿದರು.

ಮಾವ: ಆದೇಶ ಕೈಗೆ ಬರೋ ತನಕ ತಡ್ಕೊಳ್ಳೋ! ಇದನ್ನ ಓದಿದೋರೆಲ್ಲ ರಿಪೇರಿ ಮಾಡೋ ಹಾಗಾದ್ರೆ ನಿನ್ನನ್ಯಾಕೆ ಖಾಯಂ ಮಾಡ್ತಾರೆ?