ಕಾರಿನ ಟಾಪಿಗೆ ನಾನೇ ಹೊಡೆದ ಬಣ್ಣ

ಒಂದು ಕೆಲಸವನ್ನು ಕೈಯಾರೆ ಮಾಡಿ ಮುಗಿಸಿ, ಯಾರಿಗೂ ತೋರಿಸದೆ ಸುಮ್ಮನೆ ಕೂರುವವರನ್ನು ಕಂಡರೆ ನನಗೆ ಗೌರವವಿದೆ. ನಾನು ಆ ಪೈಕಿ ಅಲ್ಲ. ಗೋಡೆಗೆ ಒಂದು ಮೊಳೆ ಹೊಡೆದರೂ, ಮನೆಗೆ ಬಂದವರನ್ನೆಲ್ಲ ಆ ಮೊಳೆಯ ಎದುರಿಗೇ ಕೂರಿಸುತ್ತೇನೆ. ಅಂಥವನು ಕಾರಿಗೆ ಬಣ್ಣ ಹೊಡೆದರೆ ಬಿಟ್ಟೇನೆಯೇ?

ನಮ್ಮದು ಹಳೆಯ ಕೆಂಪು ಕಾರು. ಮರಾಠಿ ಸೀಮೆಯ ನಿಗಡಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಬಿಸಿಲು ತಿಂದೂ ತಿಂದೂ ಅದರ ಟಾಪು ಪೇಲವ ಗುಲಾಬಿಗೆ ತಿರುಗಿತ್ತು. "ಗ್ಯಾರೇಜಿಗೆ ಕೊಡ್ರಿ," ಅಂದಳು ಹೆಂಡತಿ ಗಿರಿಜಾ. "ಯಾಕ, ನನಗ ಕೈ ಇಲ್ಲೇನು?" ಅಂದೆ. ಗದಗಿನ ಮನೆಯ ಕಿಟಕಿಗಳಿಗೆಲ್ಲ ಬಣ್ಣ ಬಳಿದವನು ನಾನೇ. ಅವುಗಳಲ್ಲೊಂದು ಅಂದಿನಿಂದ ತೆರೆದಿಲ್ಲ ಎನ್ನುವುದು ಬೇರೆ ಮಾತು.

ಭಾನುವಾರ ಬೆಳಿಗ್ಗೆ ಗಾಜಿಗೆಲ್ಲ ಹಳೆಯ ಪೇಪರ್ ಅಂಟಿಸಿ, ಬಾಯಿಗೆ ಮಾಸ್ಕ್ ಕಟ್ಟಿ, ಗಿಡ್ಡ ಸ್ಟೂಲು ಹತ್ತಿ, ತೋಳು ಬಿದ್ದುಹೋಗುವ ಹಾಗೆ ಉಪ್ಪುಕಾಗದದಿಂದ ತಿಕ್ಕಿದೆ. ಆಮೇಲೆ ಸ್ಪ್ರೇ ಡಬ್ಬಿಯನ್ನು ಗಡಗಡ ಅಲ್ಲಾಡಿಸಿ ಈ ಬದಿಯಿಂದ, ಆ ಬದಿಯಿಂದ ಹೊಡೆದೆ. ಒಣಗಲು ಬಿಟ್ಟು ಮತ್ತೆ ಹೊಡೆದೆ. ಸಂಜೆ ಪೇಪರ್ ಕಿತ್ತು ನೋಡಿದರೆ, ಆಹಾ! ಒಂದು ಗುಳ್ಳೆಯಿಲ್ಲ, ಒಂದು ಹನಿ ಇಳಿದಿಲ್ಲ. ಹೊಸ ಮದುಮಗಳ ಸೀರೆಯ ಕೆಂಪು.

ಆದರೆ ಕಾರಿನ ಟಾಪನ್ನು ನೋಡುವವರು ಯಾರು? ದಾರಿಯಲ್ಲಿ ಹೋಗುವವರಿಗೆ ಬಾಗಿಲು ಕಾಣುತ್ತದೆ, ಅಷ್ಟೇ. ನಾವಿರುವುದೂ ನೆಲಮಹಡಿ. ಕೊನೆಗೆ ಗಿರಿಜಾಳನ್ನು ಕರೆದುಕೊಂಡು ನಾಲ್ಕನೇ ಮಹಡಿಯ ಹಿರಿಯಾಕೆ ಜೋಶಿ ಕಾಕುವಿನ ಮನೆಯ ಬೆಲ್ ಒತ್ತಿದೆ. "ಕಾಕು, ನಿಮ್ಮ ಗ್ಯಾಲರಿಯಿಂದ ನಮ್ಮ ಗಾಡಿ ನೋಡಬೇಕಿತ್ತು," ಎಂದು ಮರಾಠಿಯಲ್ಲಿ ಕೇಳಿಕೊಂಡೆ. ಚಹಾಕ್ಕೆ ಬಂದಿದ್ದೇವೆಂದುಕೊಂಡಿದ್ದ ಕಾಕು ಒಂದು ಕ್ಷಣ ತಬ್ಬಿಬ್ಬಾದರೂ ದಾರಿ ಬಿಟ್ಟರು.

ಮೂವರೂ ಬಗ್ಗಿ ನೋಡಿದೆವು. ಎರಡೂ ಬದಿ ಫಳಫಳ ಹೊಳೆಯುತ್ತಿತ್ತು. ನಟ್ಟನಡುವೆ ಮಾತ್ರ, ಮುಂದಿನಿಂದ ಹಿಂದಿನವರೆಗೂ, ಗೇಣಗಲದ ಹಳೆಯ ಗುಲಾಬಿ ಪಟ್ಟಿ ಹಾಗೇ ಇತ್ತು. ಸ್ಟೂಲು ಹತ್ತಿದರೂ ಈ ಕುಳ್ಳನ ಕೈಯಾಗಲಿ ಕಣ್ಣಾಗಲಿ ಅಲ್ಲಿಗೆ ಮುಟ್ಟಿರಲಿಲ್ಲ.

"ಅರೇ ವಾ! ಪಟ್ಟಾ ಫಾರ್ ಛಾನ್!" ಎಂದರು ಕಾಕು, ನಡುವಿನ ಆ ಪಟ್ಟಿ ರೇಸಿನ ಗಾಡಿಯ ಹಾಗೆ ಚೆಂದ ಕಾಣುತ್ತಿದೆಯಂತೆ.

"ಮುದ್ದಾಮ್ ಬಿಟ್ಟದ್ದು ಕಾಕು," ಎಂದೆ, ಬೇಕೆಂದೇ ಬಿಟ್ಟವನ ಹಾಗೆ, ರೆಪ್ಪೆ ಬಡಿಯದೆ.

ಮೆಟ್ಟಿಲಿಳಿಯುವಾಗ ಗಿರಿಜಾ ನನ್ನ ಹಿಂದಿನಿಂದ ಮೆಲ್ಲಗೆ ಕೇಳಿದಳು: "ನಿಮ್ಮ ತಲೀನೂ ಮ್ಯಾಲಿಂದ ಹಿಂಗ ಕಾಣ್ತದ್ರಿ. ಅದೂ ಮುದ್ದಾಮೇನು?"

ನನ್ನ ಕೈ ತಾನಾಗಿ ಬೋಳು ನೆತ್ತಿಗೆ ಹೋಯಿತು. ಏನೇ ಇರಲಿ, ಎರಡೂ ಬದಿಯ ಆ ಹೊಳಪಿದೆಯಲ್ಲ, ಅದು ಮಾತ್ರ ಯಾವ ಗ್ಯಾರೇಜಿನವನ ಕೈಯಲ್ಲೂ ಬರಲಿಕ್ಕಿಲ್ಲ.