ಬಂತೇನ, ವಿಮಲಾ?

ಉಪಗ್ರಹ ಎಲ್ಲಿದೆ ಎಂದು ಯಾರನ್ನು ಕೇಳಿದರೂ ಆಕಾಶದ ಕಡೆ ಕೈ ತೋರಿಸುತ್ತಾರೆ. ದೇವರು ಎಲ್ಲಿದ್ದಾನೆ ಎಂದು ಕೇಳಿದರೂ ಅದೇ ಕೈ, ಅದೇ ಆಕಾಶ. ಎರಡನ್ನೂ ನಾನು ಕಣ್ಣಾರೆ ಕಂಡಿಲ್ಲ. ಆದರೆ ದೇವರ ವಿಷಯದಲ್ಲಿ ಒಂದು ಅನುಕೂಲವಿದೆ. ಯಾವ ದಿಕ್ಕಿಗೆ ಕೈ ಮುಗಿದರೂ ಅವನಿಗೆ ಸಲ್ಲುತ್ತದಂತೆ. ಉಪಗ್ರಹಕ್ಕೆ ಅಂಥ ದೊಡ್ಡ ಮನಸ್ಸಿಲ್ಲ. ಡಿಶ್ಶಿನ ಮುಖ ಒಂದು ಬೆರಳಿನಷ್ಟು ಅತ್ತಿತ್ತ ಆದರೂ ಸಾಕು, ನೀವು ಯಾರೋ ನಾನು ಯಾರೋ ಎಂಬಂತೆ ಇದ್ದುಬಿಡುತ್ತದೆ. ಸಂಧ್ಯಾವಂದನೆ ಬಿಟ್ಟು ಬಹಳ ಕಾಲವಾಗಿದ್ದ ನಾನು ಈಗ ದಿನಾ ಸಂಜೆ ತಪ್ಪದೆ ವ್ಯಾನಿನ ಪಕ್ಕ ನಿಂತು, ಎರಡೂ ಕೈಯಲ್ಲಿ ಡಿಶ್ ಹಿಡಿದು, ತಲೆಯೆತ್ತಿ ಆಕಾಶ ನೋಡುತ್ತೇನೆ. ನಮ್ಮ ತಂದೆ ದೂರದಿಂದ ನೋಡಿದ್ದರೆ ಮಗ ಕೊನೆಗೂ ದಾರಿಗೆ ಬಂದ ಎಂದು ಸಂತೋಷಪಡುತ್ತಿದ್ದರು.

ವ್ಯಾನು ಎಂದೆನಲ್ಲ, ಇಲ್ಲಿ ಅದನ್ನು ಮೋಟರ್‌ಹೋಮ್ ಎನ್ನುತ್ತಾರೆ. ಹಾಸಿಗೆ, ಒಲೆ, ಸಿಂಕು, ಬಚ್ಚಲು ಎಲ್ಲವೂ ಚಕ್ರದ ಮೇಲೆ. ನಾನು ಸಿಡ್ನಿಯಲ್ಲಿ ರಸ್ತೆ, ಸೇತುವೆಗಳ ನಕ್ಷೆ ಹಾಕಿ ಹಾಕಿ ನಿವೃತ್ತನಾದ ಧಾರವಾಡದ ಎಂಜಿನಿಯರ್. ಮಂದಿ ಓಡಾಡಲೆಂದು ಇಷ್ಟು ರಸ್ತೆ ಮಾಡಿದೆ, ಇನ್ನು ನಾನೂ ಒಂದಿಷ್ಟು ಓಡಾಡುತ್ತೇನೆ ಎಂದು ಹಟಕ್ಕೆ ಬಿದ್ದೆ. ಕೆಲ್ಲಿವಿಲ್‌ನ ಮನೆಯನ್ನು ಬಾಡಿಗೆಗೆ ಕೊಟ್ಟು, ಹ್ಯಾರಿಸ್ ಪಾರ್ಕಿನ ನಮ್ಮವರ ಅಂಗಡಿಯಿಂದ ಜೋಳದ ಹಿಟ್ಟು, ಶೇಂಗಾ, ಬೆಲ್ಲ ತುಂಬಿಕೊಂಡು, ಹೆಂಡತಿ ವಿಮಲಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟುಬಿಟ್ಟೆ. ಸಿಡ್ನಿಯಿಂದ ಮೆಲ್ಬರ್ನಿಗೆ, ಮೆಲ್ಬರ್ನಿನಿಂದ ಸಿಡ್ನಿಗೆ, ನಡುವೆ ಮನಸ್ಸು ಬಂದ ಊರಿನಲ್ಲಿ ಬಿಡಾರ. ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ನಮ್ಮ ಒಬ್ಬಳೇ ಮಗಳು ಶ್ವೇತಾ ಇದ್ದಾಳೆ. "ಅಪ್ಪಾ, ನಿಮ್ಮ ಏಜಿನವರು ಕ್ರೂಸ್ ಬುಕ್ ಮಾಡ್ತಾರ. ನೀವು ಲಾರಿ ಡ್ರೈವರ್ ಆಗೀರಿ" ಎಂದು ನಕ್ಕಿದ್ದಳು. ಆಗ ಎಲ್ಲರೂ ನಗುತ್ತಿದ್ದೆವು.

ಎರಡನೆಯ ಸುತ್ತಿನಲ್ಲಿ ವಿಮಲಾ ಒಗ್ಗರಣೆಗೆ ಸಾಸಿವೆಯ ಬದಲು ಸಕ್ಕರೆ ಹಾಕಿದಳು. ನಾನು ಊಟ ಮುಗಿಯುವ ತನಕ ಗೇಲಿ ಮಾಡಿದೆ. ಆಮೇಲೊಂದು ದಿನ ಗೋಲ್‌ಬರ್ನ್ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಯಾರದೋ ಕಾರಿನ ಬಾಗಿಲು ತೆಗೆದು, ಒಳಗೆ ಕೂತು, ಸೀಟ್ ಬೆಲ್ಟ್ ಹಾಕಿಕೊಂಡು ಹೊರಡಲು ಕಾಯುತ್ತಿದ್ದಳು. ಅಂದು ಗೇಲಿ ಮಾಡಲಿಲ್ಲ. ಡಾಕ್ಟರು ಮರೆವಿನ ಕಾಯಿಲೆ ಎಂದರು. ವಾಸಿಯಾಗುವುದಿಲ್ಲ, ದಿನಾ ಅದೇ ಹೊತ್ತಿಗೆ ಅದೇ ಕೆಲಸ ನಡೆಯಲಿ, ಗುರುತಿನದು ಏನಾದರೂ ಕಣ್ಣೆದುರು ಇರಲಿ ಎಂದರು. ವ್ಯಾನು ಮಾರಿ ಮನೆ ಸೇರುವುದೇ ಸರಿ ಎಂದುಕೊಂಡೆ. ಆದರೆ ಅದಕ್ಕೂ ಮೊದಲು ಮಗಳ ದೊಡ್ಡ ಮನೆಯಲ್ಲಿ ಕೆಲವು ದಿನ ಇದ್ದಾಗ, ವಿಮಲಾ ಬಚ್ಚಲು ಯಾವ ಬಾಗಿಲ ಹಿಂದಿದೆ ಎಂದು ತಿಳಿಯದೆ ನಡುಮನೆಯಲ್ಲಿ ನಿಂತು ಅತ್ತದ್ದನ್ನು ಕಂಡೆ. ವ್ಯಾನಿನಲ್ಲಿ ಆ ತೊಂದರೆ ಇಲ್ಲ. ಕೈ ಚಾಚಿದರೆ ಒಲೆ, ಕಾಲು ಚಾಚಿದರೆ ಬಚ್ಚಲು, ಯಾವ ಮಗ್ಗುಲಿಗೆ ಹೊರಳಿದರೂ ನಾನು. ಹೀಗೆ ತಿರುಗಾಟಕ್ಕೆಂದು ಕೊಂಡದ್ದೇ ನಮಗೆ ಮನೆಯಾಯಿತು.

ಸಂಜೆ ಮಾತ್ರ ಕಷ್ಟ. ಹೊತ್ತು ಇಳಿಯತೊಡಗಿತೆಂದರೆ ಅವಳಿಗೆ ಚಡಪಡಿಕೆ. "ಮನೀಗೆ ಹೋಗೂಣ ನಡೀರಿ. ಇದು ಯಾರದೋ ಮನಿ, ಅವರು ಬಂದ್ರ ಏನಂದಾರು?" ಎಂದು ಬಾಗಿಲಿನ ಹಿಡಿಕೆಗೆ ಕೈ ಹಾಕುವಳು. ಫೋನಿನಲ್ಲಿ ಇದನ್ನೆಲ್ಲ ಕೇಳಿಸಿಕೊಂಡ ಶ್ವೇತಾ, "ಅಪ್ಪಾ, ನೀವು ಸ್ನಾನಕ್ಕ ಹೋದಾಗ ಅಮ್ಮ ಹೊರಗ ಹೋಗಿಬಿಟ್ರ? ಹೈವೇ ಅದು. ಕೇರ್ ಹೋಮಿನ್ಯಾಗ ಹೆಸರು ಹಚ್ಚೂಣು, ಪ್ಲೀಸ್" ಎಂದಳು. ಹೇಳುವಾಗ ಅವಳೂ ಅಳುತ್ತಿದ್ದಳು, ಆದ್ದರಿಂದ ಬೈಯುವುದಕ್ಕೂ ಆಗಲಿಲ್ಲ. ಇನ್ನು ಸ್ವಲ್ಪ ದಿನ ನೋಡೋಣ ಎಂದೆ. ಸಂಜೆಯೊಂದು ಸುಸೂತ್ರವಾಗಿ ದಾಟಿದರೆ ವಿಮಲಾ ನನ್ನ ಜೊತೆ ಇರುತ್ತಾಳೆ, ದಾಟದಿದ್ದರೆ ಇಲ್ಲ. ನನ್ನ ಇಡೀ ಸಂಸಾರ ಇಷ್ಟಕ್ಕೆ ಬಂದು ನಿಂತಿತ್ತು.

ಸಂಜೆ ದಾಟಿಸಲು ಒಬ್ಬನಿಂದ ಮಾತ್ರ ಆಗುತ್ತಿತ್ತು. ಆತ ಸಿಡ್ನಿಯ ಚಾನೆಲ್ಲಿನಲ್ಲಿ ಸಾಯಂಕಾಲದ ಸುದ್ದಿ ಓದುವ ಬೆಳ್ಳಿಗೂದಲಿನ ಗೃಹಸ್ಥ. ಈ ದೇಶಕ್ಕೆ ಬಂದ ಹೊಸತರಲ್ಲಿ ವಿಮಲಾ ಇಂಗ್ಲಿಷ್ ಕಲಿತದ್ದು ಅವನಿಂದ. ಆಗ ಅವನ ಕೂದಲೂ ಕಪ್ಪಗಿತ್ತು, ನನ್ನದೂ ಇತ್ತು. ಅವನು ಗುಡ್ ಈವನಿಂಗ್ ಎಂದ ಕೂಡಲೇ ಇವಳು ಹೆಚ್ಚುತ್ತಿದ್ದ ಬದನೆಕಾಯಿ ಪಕ್ಕಕ್ಕಿಟ್ಟು "ನಮಸ್ಕಾರ್ರೀ" ಎನ್ನುತ್ತಿದ್ದಳು. ಮಾತಾಡಿಸಿದವರಿಗೆ ಉತ್ತರ ಕೊಡದಿರುವುದು ಅವರ ಮನೆತನದಲ್ಲಿ ಇಲ್ಲ. ನಾನು ಸೂಟು ಹಾಕಿದಾಗಲೆಲ್ಲ "ಸುದ್ದಿಯವರ ಹಂಗ ಕಾಣಸೂದಿಲ್ಲ ಬಿಡ್ರಿ" ಎನ್ನುತ್ತಿದ್ದಳು. ಹೀಗೆ ನನ್ನ ಸಂಸಾರದಲ್ಲಿ ಮೂರನೆಯವನಾಗಿದ್ದ ಅವನನ್ನೇ ಈಗ ನಾನು ಕಾಡಿ ಬೇಡಿ ಕರೆಯಬೇಕಾಯಿತು. ವ್ಯಾನಿನ ಸಿಂಕಿನ ಮೇಲಿನ ಪುಟ್ಟ ಟಿ.ವಿ.ಯಲ್ಲಿ ಅವನ ಮುಖ ಮೂಡಿತೋ, ಬಾಗಿಲಿನ ಹಿಡಿಕೆ ಬಿಟ್ಟು ಬಂದು ಕೂರುತ್ತಾಳೆ, ನಮಸ್ಕಾರ ಹೇಳುತ್ತಾಳೆ, ಹವಾಮಾನದ ಹೊತ್ತಿಗೆ ಊಟ ಮಾಡುತ್ತಾಳೆ. ಅವನಿರುವ ಜಾಗ ಅವಳಿಗೆ ಮನೆ.

ಆದರೆ ನಮ್ಮ ವ್ಯಾನು ಒಂದೇ ಊರಿನಲ್ಲಿ ನಿಲ್ಲುವುದಿಲ್ಲವಲ್ಲ. ಸಾಮಾನ್ಯ ಆಂಟೆನಾ ಆಯಾ ಊರಿನ ಚಾನೆಲ್ಲನ್ನಷ್ಟೇ ಹಿಡಿಯುತ್ತದೆ. ಎರಡು ರಾಜ್ಯಗಳ ಗಡಿಯ ಮರ್ರೆ ನದಿ ದಾಟಿದೆವೆಂದರೆ ಮೆಲ್ಬರ್ನಿನ ಸುದ್ದಿ, ಮೆಲ್ಬರ್ನಿನ ವಾಚಕ. ಅವನೂ ಪಾಪ ಒಳ್ಳೆಯವನೇ ಇರಬೇಕು. ಆದರೆ ವಿಮಲಾ ಅವನನ್ನು ನೋಡಿ "ಯಾಂವ ಇವ? ಹೇಳದ ಕೇಳದ ಒಳಗ ಬಂದಾನ" ಎಂದು ಟಿ.ವಿ.ಯ ಮೇಲೆ ಟವೆಲ್ ಹಾಕಿದಳು. ಎಲ್ಲಿಗೆ ಹೋದರೂ ಸಿಡ್ನಿಯವನೇ ಬರಬೇಕೆಂದರೆ ಉಪಗ್ರಹವೇ ಗತಿ. ಮೂರು ಕಾಲಿನ ಸ್ಟ್ಯಾಂಡಿನ ಒಂದು ಡಿಶ್ಶು, ಒಂದು ಪೆಟ್ಟಿಗೆ, ಮಾರುದ್ದದ ಕೇಬಲ್ಲು ತಂದೆ. ಸೇತುವೆ ಕಟ್ಟಿಸಿದವನಿಗೆ ಇದೇನು ಮಹಾ ಎಂಬ ಜಂಬ ಬೇರೆ.

ಮೊದಲ ಸಂಜೆ ಬಿಡಾರದಲ್ಲಿ ಡಿಶ್ಶನ್ನು ನಿಲ್ಲಿಸಿ, ಬೆವರು ಸುರಿಸಿ, ಅಂಗುಲ ಅಂಗುಲ ತಿರುಗಿಸಿದರೂ ಏನೂ ಬರಲಿಲ್ಲ. ಪಕ್ಕದ ವ್ಯಾನಿನ ಕೆವಿನ್ ಎಂಬ ಮುದುಕ ಬಿಯರ್ ಹಿಡಿದು ಬಹಳ ಹೊತ್ತು ನೋಡುತ್ತಿದ್ದು, ಕೊನೆಗೆ "ಏನಯ್ಯಾ, ಪೆಂಗ್ವಿನ್ನುಗಳ ಚಾನೆಲ್ ಹುಡುಕುತ್ತಿದ್ದೀಯಾ?" ಎಂದು ಕೇಳಿದ. ಆಗ ಹೊಳೆಯಿತು. ಧಾರವಾಡದಲ್ಲಿ ಮಾವನವರ ಮನೆಯ ಮಾಳಿಗೆಯ ಮೇಲೆ ಡಿಶ್ ಕೂರಿಸಿದವನು ನಾನೇ. ಅಲ್ಲಿಂದ ಉಪಗ್ರಹ ದಕ್ಷಿಣದ ಕಡೆ. ಡಿಶ್ ಎಂದರೆ ದಕ್ಷಿಣ ಎಂದು ನನ್ನ ತಲೆಯಲ್ಲಿ ಕಲ್ಲಿನಲ್ಲಿ ಕೊರೆದಂತೆ ಕೂತಿದೆ. ಇಲ್ಲಿ ಭೂಮಿಯ ಕೆಳತುದಿಯಿಂದ ಅದು ಉತ್ತರದ ಕಡೆ. ಇಲ್ಲಿಗೆ ಬಂದು ಅರ್ಧ ಆಯುಷ್ಯ ಕಳೆದರೂ ಕೈ ತಾನಾಗಿ ದಕ್ಷಿಣಕ್ಕೇ ತಿರುಗಿತ್ತು. ನಾನು ಸಂಜೆಯಿಡೀ ಅಂಟಾರ್ಟಿಕಾದಿಂದ ಸುದ್ದಿ ಕೇಳಲು ನಿಂತಿದ್ದೆ.

ಅದಾದ ಮೇಲೂ ಹೊಸ ಊರಿನಲ್ಲಿ ಉತ್ತರ ಯಾವುದು ಎಂದು ಗಲಿಬಿಲಿಯಾಗುತ್ತಿತ್ತು. ಫೋನಿನ ದಿಕ್ಸೂಚಿ ವ್ಯಾನಿನ ಕಬ್ಬಿಣದ ಪಕ್ಕ ಹಿಡಿದರೆ ಒಂದೊಂದು ಸಲ ಒಂದೊಂದು ದಿಕ್ಕು ತೋರಿಸುತ್ತದೆ. ಆಗ ದಾರಿ ತೋರಿಸಿದವಳು ವಿಮಲಾ. ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಎಂಬುದು ಅವಳಿಗೆ ಅವರಜ್ಜಿ ಕಲಿಸಿದ್ದು. ಮಗಳ ಹೆಸರಿಗೆ ತಡವರಿಸುವ ದಿನವೂ ಅದನ್ನು ಮರೆಯುವುದಿಲ್ಲ. ವ್ಯಾನು ನಿಂತೊಡನೆ ಸೂರ್ಯ ಎಲ್ಲಿದ್ದಾನೆಂದು ಕಿಟಕಿಯಲ್ಲಿ ಇಣುಕಿ ನೋಡಿ, ದಿಂಬುಗಳನ್ನು ಎತ್ತಿ ಹಾಸಿಗೆಯ ಇನ್ನೊಂದು ತುದಿಗೆ ಇಡುತ್ತಾಳೆ, ಇಲ್ಲವೇ ಇದ್ದಲ್ಲೇ ಬಿಡುತ್ತಾಳೆ. ನಾನು ಹೊರಗೆ ಹೋಗುವ ಮೊದಲು ಹಾಸಿಗೆ ನೋಡಿಕೊಂಡು ಹೋಗತೊಡಗಿದೆ. ಅವಳು ಯಾವ ಕಡೆ ದಿಂಬು ಇಟ್ಟಿಲ್ಲವೋ ಆ ಕಡೆ ಡಿಶ್ ತಿರುಗಿಸಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಉಳಿದ ಕಾಲು ಭಾಗಕ್ಕೆ ಮೀಟರು, ಆಪು ಎಲ್ಲ ಇವೆ. ಆದರೆ ನಮ್ಮ ಕಾಲದವರಿಗೆ ಬೇರೆಯೇ ಒಂದು ವಿದ್ಯೆ ಗೊತ್ತು. ಮದುವೆಯಾದ ಹೊಸತರಲ್ಲಿ ಧಾರವಾಡದ ಬಾಡಿಗೆ ಮನೆಯ ಮಾಳಿಗೆ ಹತ್ತಿ ನಾನು ಆಂಟೆನಾದ ಕೊಳವೆ ತಿರುಗಿಸುವುದು, ವಿಮಲಾ ಕೆಳಗೆ ಟಿ.ವಿ. ಮುಂದೆ ನಿಂತು ಕೂಗುವುದು. "ಬಂತೇನ, ವಿಮಲಾ?" "ಇಲ್ಲರೀ!" "ಈಗ?" "ಬಂತು, ಬಂತು... ಅಯ್ಯ, ಹೋತ್ರೀ! ಹಿಂದ ತಿರುವ್ರಿ!" "ಈಗ?" "ಹಾಂ, ಬಂತು! ಹಂಗ ಹಿಡಕೊಂಡ ನಿಂದರ್ರಿ!" ಇಡೀ ಓಣಿಗೆ ನಮ್ಮ ಸಂಸಾರ ಕೇಳುತ್ತಿತ್ತು. ಇಬ್ಬರೂ ಎದುರಾಬದುರು ಕೂತು ಮಾತಾಡಲು ಇನ್ನೂ ನಾಚುತ್ತಿದ್ದ ದಿನಗಳಲ್ಲಿ ನಾವು ಗಟ್ಟಿಯಾಗಿ ಮಾತಾಡಿದ್ದು ಹೀಗೆ. ಈಗ ವ್ಯಾನಿನ ಹೊರಗಿನಿಂದ ನಾನು "ಬಂತೇನ, ವಿಮಲಾ?" ಎಂದು ಕೂಗಿದರೆ ಒಳಗಿನಿಂದ ತಡವಿಲ್ಲದೆ ಉತ್ತರ ಬರುತ್ತದೆ. ಬೆಳಗ್ಗೆ ಏನು ತಿಂದಳೆಂದು ಹೇಳಲಾಗದವಳು "ಹೋತ್ರೀ! ಹಿಂದ ತಿರುವ್ರಿ!" ಎಂದು ಅದೇ ಜೋರಿನಲ್ಲಿ ಕೂಗುತ್ತಾಳೆ. ಚಿತ್ರ ಬೇಗ ಬಂದ ದಿನ ನನಗೆ ಸ್ವಲ್ಪ ನಿರಾಸೆಯಾಗುತ್ತಿತ್ತು. ಸುಳ್ಳೇಕೆ ಹೇಳಲಿ, ಒಮ್ಮೊಮ್ಮೆ ಬಂದದ್ದನ್ನು ನಾನೇ ತಪ್ಪಿಸಿಬಿಡುತ್ತಿದ್ದೆ.

ಈ ನಡುವೆ ಪಾಯಿಂಟ್ ಕುಕ್‌ಗೆ ಹೋದಾಗ, ನಾನು ಡ್ರೈವ್‌ವೇಯಲ್ಲಿ ನಿಂತು ಡಿಶ್ ಹಿಡಿದು ಕೂಗುವುದನ್ನು ಶ್ವೇತಾ ಕಣ್ಣಾರೆ ಕಂಡಳು. "ಒಳಗ ಬರ್ರಿ ಅಪ್ಪಾ, ನಮ್ಮ ಟಿ.ವಿ.ಯಾಗ ಸಿಡ್ನಿ ನ್ಯೂಸ್ ಸ್ಟ್ರೀಮ್ ಆಗ್ತದ" ಎಂದು ಕರೆದೊಯ್ದು, ಗೋಡೆಯಗಲದ ಟಿ.ವಿ.ಯಲ್ಲಿ ಸುದ್ದಿಯವನನ್ನು ಹಚ್ಚಿದಳು. ಅವನ ತಲೆ ವಿಮಲಾಳ ತಲೆಯ ನಾಲ್ಕು ಪಟ್ಟು ಇತ್ತು. ಅವಳು ಹೆದರಿ ನನ್ನ ತೋಳು ಹಿಡಿದು "ಇವರಿಗೆ ಏನಾಗೇದ್ರಿ? ಬಾತಾರ" ಎಂದಳು. ನಗು ಬಂತು. ಶ್ವೇತಾಗೂ ಬಂತು. ಅವಳು ನಗುತ್ತಲೇ ಅಡಿಗೆಮನೆಗೆ ಹೋದಳು, ಬಹಳ ಹೊತ್ತು ಹೊರಗೆ ಬರಲಿಲ್ಲ. ಮರುವಾರ ಅವಳೇ ಒಂದು ಹೊಸ ಡಿಶ್ ತರಿಸಿ ವ್ಯಾನಿನ ನೆತ್ತಿಗೆ ಕೂರಿಸಿದಳು. ಬೋರಲು ಹಾಕಿದ ಬೋಗುಣಿಯಂತಿದೆ. ಗುಂಡಿ ಒತ್ತಿದರೆ ತಾನೇ ತಿರುಗಿ, ತಾನೇ ಉಪಗ್ರಹ ಹುಡುಕಿ, ಚಿತ್ರ ತಂದುಕೊಡುತ್ತದೆ. "ಇನ್ನ ನೀವು ಚಳಿಯೊಳಗ ಹೊರಗ ನಿಂದ್ರೂದು ಬ್ಯಾಡ ಅಪ್ಪಾ. ಅಮ್ಮನ ಜೋಡಿ ಕೂಡ್ರಿ" ಎಂದಳು. ಕೇರ್ ಹೋಮಿನ ಮಾತು ಎತ್ತಲಿಲ್ಲ. ಅದಕ್ಕಾಗಿ ಅವಳ ತಲೆ ಸವರಿದೆ.

ವಾಪಸು ಸಿಡ್ನಿಯತ್ತ ಹೊರಟು ಮೊದಲ ಬಿಡಾರದಲ್ಲಿ ಗುಂಡಿ ಒತ್ತಿ, ಅವಳ ಪಕ್ಕ ಜಮೀನ್ದಾರನಂತೆ ಕೂತೆ. ಸುದ್ದಿಯವನು ಬಂದ. ಗುಡ್ ಈವನಿಂಗ್ ಎಂದ. ವಿಮಲಾ ನಮಸ್ಕಾರ ಹೇಳಲಿಲ್ಲ. ಕಿಟಕಿ ನೋಡಿದಳು, ಬಾಗಿಲು ನೋಡಿದಳು, ಮೇಲೆ ಮಾಳಿಗೆ ಇದೆಯೇನೋ ಎಂಬಂತೆ ಚಾವಣಿ ನೋಡಿದಳು. "ಅವರು ಎಲ್ಲೆ? ಇನ್ನೂ ಇಳದಿಲ್ಲೇನು?" ಎನ್ನುತ್ತ ಹೋಗಿ ಬಾಗಿಲಿನ ಹಿಡಿಕೆ ಹಿಡಿದಳು. ಪಕ್ಕದಲ್ಲೇ ಕೂತ ನಾನು ಲೆಕ್ಕಕ್ಕಿರಲಿಲ್ಲ. ಹೊರಗೆ ನಿಂತು ಕೂಗುವವನು ಅವಳ ಗಂಡ. ಸುದ್ದಿಯವನಿಂದ ಸಂಜೆ ದಾಟುತ್ತಿದೆ ಎಂದುಕೊಂಡಿದ್ದೆ, ಪಾಪ ಅವನಿಗೆ ಸಲ್ಲದ ಹೆಸರು ಕೊಟ್ಟಿದ್ದೆ.

ಮಾರನೆಯ ದಿನದಿಂದ ಹಳೆಯ ಡಿಶ್ಶನ್ನು ಮತ್ತೆ ಹೊರಗೆ ತೆಗೆದೆ. ಅದಕ್ಕೀಗ ಕೇಬಲ್ ಇಲ್ಲ, ಯಾವುದಕ್ಕೂ ಸಂಬಂಧವಿಲ್ಲ. ನೆತ್ತಿಯ ಬೋಗುಣಿ ತನ್ನ ಕೆಲಸ ಮಾಡುತ್ತಿರುತ್ತದೆ, ನಾನು ಕೆಳಗೆ ಖಾಲಿ ಡಿಶ್ ತಿರುಗಿಸುತ್ತ "ಬಂತೇನ, ವಿಮಲಾ?" ಎನ್ನುತ್ತೇನೆ. ಒಳಗೆ ಚಿತ್ರ ಸ್ಪಷ್ಟವಾಗಿ ಇದ್ದರೂ ಅವಳು ಒಂದೆರಡು ಸಲ "ಹೋತ್ರೀ!" ಎಂದು ನನ್ನನ್ನು ಓಡಾಡಿಸಿಯೇ "ಬಂತು" ಎನ್ನುತ್ತಾಳೆ. ಅಕ್ಕಪಕ್ಕದ ವ್ಯಾನಿನವರು ನೋಡಿ ಏನೆಂದುಕೊಳ್ಳುತ್ತಾರೋ. ಎಲ್ಲೂ ಜೋಡಿಸದ ತಟ್ಟೆ ಹಿಡಿದು ಯಾವುದೋ ಭಾಷೆಯಲ್ಲಿ ಆಕಾಶಕ್ಕೆ ಕೂಗುವ ಮುದುಕನ ಬಗ್ಗೆ ಹೆಚ್ಚು ಕೇಳದಿರುವುದು ಸಭ್ಯತೆ ಎಂದು ಸುಮ್ಮನಿರುತ್ತಾರೆ.

ಮೊನ್ನೆ ಆಲ್ಬರಿಯಲ್ಲಿ, ನದಿಯ ದಂಡೆಯ ಬಿಡಾರದಲ್ಲಿ, ಎಂದಿನಂತೆ ಕೂಗಿದೆ. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದೆ. ಬಾಗಿಲು ತೆರೆಯಿತು. ವಿಮಲಾ ಮೆಟ್ಟಿಲ ಮೇಲೆ ನಿಂತು, ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತ, ಪರಕೀಯರನ್ನು ನೋಡುವ ಮರ್ಯಾದೆಯಲ್ಲಿ ನನ್ನನ್ನು ನೋಡಿ "ಯಾರ್ರೀ ನೀವು?" ಎಂದಳು.

ಈ ಪ್ರಶ್ನೆ ಒಂದು ದಿನ ಬರುತ್ತದೆಂದು ಡಾಕ್ಟರು ಹೇಳಿದ್ದರು. ಉತ್ತರ ಏನು ಕೊಡಬೇಕೆಂದು ಹೇಳಿರಲಿಲ್ಲ. ಕೈಯಲ್ಲಿ ಡಿಶ್ ಇತ್ತು. "ಟಿ.ವಿ. ಸರಿ ಮಾಡಾಂವ್ರೀ, ಅಕ್ಕಾರ" ಎಂದೆ.

ಅವಳ ಮುಖ ಅರಳಿತು. "ಛಲೋ ಆತು ಬಂದ್ರಿ. ಲಗೂನ ಮಾಡಿ ಮುಗಸ್ರಿ. ನಮ್ಮನಿಯವರು ಬರೂದ್ರೊಳಗ ಆಗಬೇಕು. ಅವರು ಬಂದ್ರ ತಾವ ಮಾಡ್ತೀನಿ ಅಂತಾರ, ಇದ್ದದ್ದೂ ಕೆಡಸಿ ಇಡ್ತಾರ. ಎಂಜಿನಿಯರ್ ಅದಾರ ನೋಡ್ರಿ" ಎಂದಳು. ನಾನು ಡಿಶ್ಶನ್ನು ಸುಮ್ಮನೆ ಒಂದಿಷ್ಟು ಅಲುಗಿಸಿದೆ. ಅವಳು ಒಳಗೆ ಇಣುಕಿ, "ಬಂತು! ಏನ್ ಕೈಗುಣರೀ ನಿಮ್ಮದು!" ಎಂದಳು. ಇಷ್ಟು ವರ್ಷಗಳ ಸಂಸಾರದಲ್ಲಿ ನನ್ನ ಕೈಕೆಲಸಕ್ಕೆ ಅವಳಿಂದ ಸಿಕ್ಕ ಮೊದಲ ಹೊಗಳಿಕೆ ಅದು. "ಹೊತ್ತು ಮುಳುಗ್ತು, ನಿಮ್ಮ ಮನೀಯಾಕಿ ಹಾದಿ ನೋಡ್ತಿರಬೇಕು, ಹೋಗ್ರಿ. ನಾಳೆ ಮತ್ತ ಬರ್ರಿ" ಎಂದಳು. ಬರ್ತೀನ್ರೀ ಎಂದೆ.

ವ್ಯಾನಿನ ಹಿಂದೆ ಹೋಗಿ, ಕಣ್ಣು ಒರೆಸಿಕೊಂಡು, ಒಂದು ಸುತ್ತು ಹಾಕಿ, ಚಪ್ಪಲಿ ಸಪ್ಪಳ ಮಾಡುತ್ತ ಬಾಗಿಲಿಗೆ ಬಂದೆ. ಅವಳು ಸುದ್ದಿಯವನ ಎದುರು ಕೂತಿದ್ದಳು. ತಲೆ ತಿರುಗಿಸಿ ನನ್ನನ್ನು ನೋಡಿದಳು. "ಎಲ್ಲೆ ಹೋಗಿದ್ರಿ ಇಷ್ಟೊತ್ತು? ಟಿ.ವಿ.ಯಾಂವ ಬಂದು ಎಷ್ಟ ಛಲೋ ಮಾಡಿ ಹೋದ. ಇನ್ನ ನೀವು ಅದರ ತಂಟೆಕ್ಕ ಹೋಗಬ್ಯಾಡ್ರಿ, ಅಂವಗ ನಾಳೆ ಬಾ ಅಂದೀನಿ" ಎಂದಳು. ಮುಟ್ಟುವುದಿಲ್ಲ ಎಂದು ಮಾತು ಕೊಟ್ಟು, ಅವಳ ಪಕ್ಕ ಕೂತು ಸಿಡ್ನಿಯ ಹವಾಮಾನ ನೋಡಿದೆ. ಆ ಟಿ.ವಿ.ಯವನ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನಾಳೆ ಅವನು ಹೊತ್ತಿಗೆ ಸರಿಯಾಗಿ ಬರಬೇಕು, ಅಷ್ಟೇ.